ಪಾಠ ಒಬ್ಬರದು, ಪರೀಕ್ಷೆ ಇನ್ನೊಬ್ಬರದು

ಕರ್ನಾಟಕದ ಪದವಿ ಕಾಲೇಜುಗಳು ಮೂರೇ ವರ್ಷಗಳಲ್ಲಿ ಎರಡು ಸಲ ತಮ್ಮ ಚೌಕಟ್ಟನ್ನು ಬದಲಿಸಿಕೊಂಡವು. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿ ಹಂತದಲ್ಲಿ ಜಾರಿಗೆ ತರುವ ಆದೇಶವನ್ನು 2021ರ ಆಗಸ್ಟ್‌ನಲ್ಲಿ ದೇಶದಲ್ಲೇ ಮೊದಲು ಹೊರಡಿಸಿದ ರಾಜ್ಯ ನಮ್ಮದು. ಬಿ.ಎ., ಬಿ.ಎಸ್ಸಿ., ಬಿ.ಕಾಂ.ಗಳು ಆಗ ನಾಲ್ಕು ವರ್ಷದ ಆನರ್ಸ್ ಪದವಿಯ ಹಾದಿ ಹಿಡಿದವು. ಒಂದು ವರ್ಷ ಓದಿ ಬಿಟ್ಟವರಿಗೆ ಸರ್ಟಿಫಿಕೇಟ್, ಎರಡು ವರ್ಷಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ ಎಂಬ ಮೆಟ್ಟಿಲುಗಳು ಬಂದವು. ಸರ್ಕಾರ ಬದಲಾಯಿತು, 2023ರ ಅಕ್ಟೋಬರ್‌ನಲ್ಲಿ ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ರಚನೆಯಾಯಿತು. ಅದರ ಮಧ್ಯಂತರ ವರದಿಯನ್ನು ಆಧರಿಸಿ 2024ರ ಮೇ 8ರ ಆದೇಶ ಪದವಿಯನ್ನು ಮತ್ತೆ ಮೂರು ವರ್ಷಕ್ಕೆ ತಂದಿತು. ಆಯೋಗದ ಅಂತಿಮ ವರದಿ 2025ರ ಆಗಸ್ಟ್‌ನಲ್ಲಿ ಸರ್ಕಾರದ ಕೈ ಸೇರಿತು. ಇಷ್ಟೂ ಕಾಲ ಪತ್ರಿಕೆಗಳಲ್ಲಿ, ಸದನದಲ್ಲಿ, ಅಧ್ಯಾಪಕರ ಸಂಘಗಳಲ್ಲಿ ನಡೆದ ವಾದವೆಲ್ಲ ಮೂರೋ ನಾಲ್ಕೋ ಎಂಬುದರ ಸುತ್ತಲೇ. ವರ್ಷದ ಲೆಕ್ಕ ನಮ್ಮ ಉನ್ನತ ಶಿಕ್ಷಣದ ರಚನೆಯ ಮುಖ್ಯ ಪ್ರಶ್ನೆಯೇ ಅಲ್ಲ ಎಂಬುದು ಈ ಲೇಖನದ ವಾದ. ತರಗತಿಯಲ್ಲಿ ಪಾಠ ಮಾಡುವವರು ಏನು ಪಾಠ ಮಾಡಬೇಕೆಂದು ನಿರ್ಧರಿಸುವಂತಿಲ್ಲ, ತಮ್ಮ ವಿದ್ಯಾರ್ಥಿ ಕಲಿತನೇ ಇಲ್ಲವೇ ಎಂದು ಹೇಳುವ ಅಧಿಕಾರವೂ ಅವರಿಗಿಲ್ಲ. ಸಂಯೋಜಿತ ಕಾಲೇಜು ಎಂಬ ಈ ವ್ಯವಸ್ಥೆ ಹಾಗೇ ಉಳಿದಿರುವವರೆಗೆ ಪದವಿಗೆ ಒಂದು ವರ್ಷ ಸೇರಿಸಿದರೂ ಕಳೆದರೂ ತರಗತಿಯ ಒಳಗೆ ನಡೆಯುವುದು ಬದಲಾಗುವುದಿಲ್ಲ.

ಸಂಯೋಜನೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಪಾವಗಡದಲ್ಲಿ ಒಬ್ಬ ಅಧ್ಯಾಪಕರು ಬಿ.ಎ. ವಿದ್ಯಾರ್ಥಿಗಳಿಗೆ ಅರ್ಥಶಾಸ್ತ್ರ ಕಲಿಸುತ್ತಾರೆ ಎಂದಿಟ್ಟುಕೊಳ್ಳಿ. ಅದೇ ತಾಲ್ಲೂಕಿನಲ್ಲಿ 13,000 ಎಕರೆಯಷ್ಟು ಜಮೀನಿನಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಪಾರ್ಕ್ ಇದೆ. ಆ ಜಮೀನನ್ನು ರೈತರಿಂದ ಕೊಂಡದ್ದಲ್ಲ, ಗುತ್ತಿಗೆಗೆ ಪಡೆದದ್ದು. ಬರದ ಸೀಮೆಯಲ್ಲಿ ಬೇಸಾಯ ಬಿಟ್ಟು ಬಾಡಿಗೆಯಿಂದ ಬದುಕುವ ಮನೆಯ ಮಕ್ಕಳಿಗೆ ಗೇಣಿ, ಗುತ್ತಿಗೆ, ಕೂಲಿ, ವಲಸೆ ಇವನ್ನೆಲ್ಲ ಕಲಿಸಲು ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಸಿಗದು. ಆದರೆ ಅಧ್ಯಾಪಕರು ಇದನ್ನು ಒಂದು ಪತ್ರಿಕೆಯಾಗಿ ಪಾಠ ಮಾಡುವಂತಿಲ್ಲ. ಪಠ್ಯಕ್ರಮವನ್ನು ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿ ಸಿದ್ಧಪಡಿಸುತ್ತದೆ, ಪ್ರಶ್ನೆಪತ್ರಿಕೆಯನ್ನು ಪರೀಕ್ಷಾ ಮಂಡಳಿ. ಉತ್ತರ ಪತ್ರಿಕೆಗಳು ಕೋಡ್ ನಂಬರ್ ಹೊತ್ತು ಕೇಂದ್ರೀಯ ಮೌಲ್ಯಮಾಪನಕ್ಕೆ ಹೋಗುತ್ತವೆ. ಫಲಿತಾಂಶ ಯುಯುಸಿಎಂಎಸ್ ಎಂಬ ಸರ್ಕಾರಿ ತಂತ್ರಾಂಶದಲ್ಲಿ ಕಾಣಿಸಿಕೊಳ್ಳುವುದಕ್ಕೆ ಅಧ್ಯಾಪಕರೂ ವಿದ್ಯಾರ್ಥಿಗಳಂತೆಯೇ ಕಾದು ಕೂರುತ್ತಾರೆ. ಪಾಠ ಮಾಡಿದವರ ಪಾಲಿಗೆ ಉಳಿಯುವುದು ಆಂತರಿಕ ಮೌಲ್ಯಮಾಪನದ ಒಂದಷ್ಟು ಅಂಕ. ರಾಷ್ಟ್ರೀಯ ನೀತಿಯ ಕಾಲದಲ್ಲಿ ಅದು ನೂರಕ್ಕೆ 40 ಇತ್ತು, ರಾಜ್ಯ ನೀತಿಗೆ ಮರಳಿದಾಗ 20ಕ್ಕೆ ಇಳಿಯಿತು. ಮೂರೋ ನಾಲ್ಕೋ ಎಂಬ ಗದ್ದಲದಲ್ಲಿ ಅಧ್ಯಾಪಕರ ಅಧಿಕಾರ ಅರ್ಧಕ್ಕರ್ಧ ಕುಗ್ಗಿದ್ದನ್ನು ಹೆಚ್ಚಿನವರು ಗಮನಿಸಲೇ ಇಲ್ಲ. ಇತ್ತ ವಿಶ್ವವಿದ್ಯಾಲಯಕ್ಕೆ ಸಂಯೋಜನಾ ಶುಲ್ಕ, ಪರೀಕ್ಷಾ ಶುಲ್ಕ, ಅಂಕಪಟ್ಟಿ ಶುಲ್ಕಗಳೇ ಆಂತರಿಕ ಸಂಪನ್ಮೂಲದ ದೊಡ್ಡ ಭಾಗ. ಸ್ಥಳೀಯ ವಿಚಾರಣಾ ಸಮಿತಿಗಳು ಕಾಲೇಜಿನಿಂದ ಕಾಲೇಜಿಗೆ ತಿರುಗಿ ಸಂಯೋಜನೆ ನವೀಕರಿಸುವುದು ಅದರ ವಾರ್ಷಿಕ ಕಾರ್ಯಕ್ರಮ. ಸಂಶೋಧನೆ ಮಾಡಿ ಪಾಠ ಹೇಳಬೇಕಾದ ಸಂಸ್ಥೆಯೊಂದು ಪರೀಕ್ಷೆ ನಡೆಸುವ ಕಚೇರಿಯಾಗಿ ಬದಲಾಗುವುದಕ್ಕೆ ಕುಲಪತಿಗಳ ಅಸಾಮರ್ಥ್ಯ ಕಾರಣವಲ್ಲ. ಹಣದ ಹರಿವೇ ಅದನ್ನು ಆ ಕಡೆಗೆ ಎಳೆಯುತ್ತದೆ.

ಈ ವ್ಯವಸ್ಥೆ ನಮ್ಮ ನೆಲದಲ್ಲಿ ಹುಟ್ಟಿದ್ದಲ್ಲ. 1836ರಲ್ಲಿ ಸನ್ನದು ಪಡೆದ ಲಂಡನ್ ವಿಶ್ವವಿದ್ಯಾಲಯ ಪರೀಕ್ಷೆ ನಡೆಸಿ ಪದವಿ ಕೊಡುವ ಮಂಡಳಿಯಾಗಿತ್ತು. ಪಾಠ ಬೇರೆ ಕಾಲೇಜುಗಳಲ್ಲಿ ನಡೆಯುತ್ತಿತ್ತು. 1854ರ ವುಡ್ ಶಿಕ್ಷಣ ನಿರೂಪ (ವುಡ್ಸ್ ಡಿಸ್ಪ್ಯಾಚ್) ಅದನ್ನೇ ಮಾದರಿಯಾಗಿ ತೋರಿಸಿತು, 1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸುಗಳಲ್ಲಿ ಅಂಥವೇ ವಿಶ್ವವಿದ್ಯಾಲಯಗಳು ತಲೆಯೆತ್ತಿದವು. ವಿಶಾಲ ಭೂಭಾಗದಲ್ಲಿ ಚದುರಿದ್ದ ಕೆಲವೇ ಕಾಲೇಜುಗಳಿಗೆ ಕಡಿಮೆ ಖರ್ಚಿನಲ್ಲಿ ಒಂದೇ ಮುದ್ರೆ ಒತ್ತುವ ಉಪಾಯವಾಗಿ ಅದಕ್ಕೆ ಆಗ ಅರ್ಥವಿತ್ತು. ಆದರೆ ಲಂಡನ್ 1898ರ ಕಾಯ್ದೆಯ ಮೂಲಕ ತನ್ನನ್ನು ತಿದ್ದಿಕೊಂಡು ಬೋಧನಾ ವಿಶ್ವವಿದ್ಯಾಲಯವಾಯಿತು. 1917ರಿಂದ 1919ರವರೆಗೆ ಕೆಲಸ ಮಾಡಿದ ಸ್ಯಾಡ್ಲರ್ ಆಯೋಗ ಭಾರತದಲ್ಲೂ ಬೋಧನಾ ವಿಶ್ವವಿದ್ಯಾಲಯಗಳು ಬೇಕೆಂದಿತು. ಢಾಕಾ ವಿಶ್ವವಿದ್ಯಾಲಯ ಹುಟ್ಟಿದ್ದು ಆ ಚಿಂತನೆಯಿಂದ. ನಮ್ಮ ಮೈಸೂರು ಇನ್ನೂ ಮುಂದಿತ್ತು. ಅದುವರೆಗೆ ಮದರಾಸಿಗೆ ಸಂಯೋಜಿತವಾಗಿದ್ದ ಬೆಂಗಳೂರಿನ ಸೆಂಟ್ರಲ್ ಕಾಲೇಜು, ಮೈಸೂರಿನ ಮಹಾರಾಜ ಕಾಲೇಜುಗಳನ್ನು ಬಿಡಿಸಿ ತಂದು 1916ರ ಜುಲೈ 27ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ್ ವಿಶ್ವೇಶ್ವರಯ್ಯನವರು ಕಟ್ಟಿದ ವಿಶ್ವವಿದ್ಯಾಲಯ, ಎಚ್.ವಿ. ನಂಜುಂಡಯ್ಯನವರನ್ನು ಮೊದಲ ಕುಲಪತಿಯಾಗಿ ಪಡೆದು, ಆ ಕಾಲೇಜುಗಳನ್ನು ತನ್ನ ಅಂಗಗಳಾಗಿಯೇ ಬೆಳೆಸಿತು. ಮಹಾರಾಜ ಕಾಲೇಜೂ ಯುವರಾಜ ಕಾಲೇಜೂ ಇಂದಿಗೂ ಮೈಸೂರು ವಿಶ್ವವಿದ್ಯಾಲಯದ ಘಟಕ ಕಾಲೇಜುಗಳೇ. ಅಂದರೆ ಸಂಯೋಜನೆಗೆ ಬದಲಿ ಹುಡುಕಲು ನಾವು ಹೊರಗೆ ಹೋಗಬೇಕಿಲ್ಲ. ಸ್ವಾತಂತ್ರ್ಯದ ನಂತರ ಕಾಲೇಜುಗಳು ಹೆಚ್ಚಿದಂತೆ ಮೈಸೂರಿನ ಆ ಹಾದಿ ಬಿಟ್ಟು ಲಂಡನ್ನೇ ಕೈಬಿಟ್ಟ ಹಾದಿಗೆ ತಿರುಗಿದೆವು. ಮೂರಾಗಿ ಒಡೆಯುವ ಮೊದಲು ಬೆಂಗಳೂರು ವಿಶ್ವವಿದ್ಯಾಲಯವೊಂದರ ಕೆಳಗೇ ಆರುನೂರಕ್ಕೂ ಹೆಚ್ಚು ಕಾಲೇಜುಗಳಿದ್ದವು. 1998ರಲ್ಲಿ ಬೆಳಗಾವಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಇಡೀ ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳನ್ನು ಕಟ್ಟಿಹಾಕಿದೆವು, ಅದೂ ಆ ಹಿರಿಯರ ಹೆಸರಿನಲ್ಲಿ.

2021–22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 4,430 ಕಾಲೇಜುಗಳಿವೆ. 18ರಿಂದ 23 ವಯಸ್ಸಿನ ಒಂದು ಲಕ್ಷ ಮಂದಿಗೆ 66 ಕಾಲೇಜು. ಈ ಸಾಂದ್ರತೆಯಲ್ಲಿ ದೇಶಕ್ಕೇ ಮೊದಲ ಸ್ಥಾನ. ಬೆಂಗಳೂರು ನಗರ ಜಿಲ್ಲೆಯೊಂದರಲ್ಲೇ 1,106. ಉನ್ನತ ಶಿಕ್ಷಣಕ್ಕೆ ಸೇರುವವರ ಪ್ರಮಾಣ ದೇಶದಲ್ಲಿ ಶೇ 28.4 ಇದ್ದರೆ ನಮ್ಮಲ್ಲಿ ಶೇ 36.2. ಬಾಗಿಲು ತೆರೆಯುವ ಕೆಲಸವನ್ನು ಕರ್ನಾಟಕ ಚೆನ್ನಾಗಿಯೇ ಮಾಡಿದೆ, ಅದನ್ನು ಅಲ್ಲಗಳೆಯುವುದು ಅನ್ಯಾಯ. ಪ್ರಶ್ನೆ ಇರುವುದು ಒಳಗೆ ಬಂದವರಿಗೆ ಏನು ಸಿಗುತ್ತದೆ ಎಂಬುದರಲ್ಲಿ. ಎಸ್ಸೆಸ್ಸೆಲ್ಸಿ ಒಂದು ಪಬ್ಲಿಕ್ ಪರೀಕ್ಷೆ, ದ್ವಿತೀಯ ಪಿಯುಸಿ ಇನ್ನೊಂದು. ಪದವಿಯ ಆರು ಸೆಮಿಸ್ಟರುಗಳೂ ಅದೇ ಅಚ್ಚಿನವು. ಐದು ವರ್ಷದ ಹಳೆಯ ಪ್ರಶ್ನೆಪತ್ರಿಕೆ, ಗೈಡು, ಪರೀಕ್ಷೆಗೆ ಮುಂಚಿನ ವಾರದ ನೋಟ್ಸು, ಇಷ್ಟರಲ್ಲಿ ಮುಗಿಯುವ ಓದಿಗೆ ವಿದ್ಯಾರ್ಥಿಯನ್ನು ದೂರುವಂತಿಲ್ಲ. ಅಪರಿಚಿತ ಮೌಲ್ಯಮಾಪಕನೊಬ್ಬ ಕೆಲವೇ ನಿಮಿಷಗಳಲ್ಲಿ ತೂಗಿ ನೋಡುವ ಉತ್ತರಕ್ಕೆ ಬೇಕಾದದ್ದು ಅಷ್ಟೇ ಎಂದು ಆತನಿಗೆ ಗೊತ್ತು.

ಪಾಠ ಮಾಡುವವರೇ ಪರೀಕ್ಷೆಯನ್ನೂ ನಡೆಸುವ ಬೇರೊಂದು ವ್ಯವಸ್ಥೆಯನ್ನು ನೋಡಲು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲ್ಯಾಂಡಿನಲ್ಲಿರುವ ಜೆರಿಕೋ ಎಂಬ ಊರಿಗೆ ಹೋಗೋಣ. ನಾಸೌ ಕೌಂಟಿಯ ಆಯ್‌ಸ್ಟರ್ ಬೇ ಟೌನಿಗೆ ಸೇರಿದ ಊರಿದು. ಇಂದು ಇದು ಹೆಸರಾಗಿರುವುದು ತನ್ನ ಸರ್ಕಾರಿ ಹೈಸ್ಕೂಲಿನಿಂದ, ಆ ಶಾಲೆಗಾಗಿಯೇ ಇಲ್ಲಿ ಮನೆ ಮಾಡುವ ಕುಟುಂಬಗಳಿಂದ. ಅವುಗಳಲ್ಲಿ ಭಾರತದವು ಬೇಕಾದಷ್ಟಿವೆ. ಊರಿನ ಸುತ್ತ, ಹೆಚ್ಚು ದೂರ ಹೋಗದೆಯೇ, ನ್ಯೂಯಾರ್ಕ್ ರಾಜ್ಯದ ಉನ್ನತ ಶಿಕ್ಷಣದ ಎಲ್ಲ ಮಾದರಿಗಳೂ ಸಿಗುತ್ತವೆ: ಗಾರ್ಡನ್ ಸಿಟಿಯಲ್ಲಿ ಎರಡು ವರ್ಷದ ನಾಸೌ ಕಮ್ಯುನಿಟಿ ಕಾಲೇಜು, ಪಕ್ಕದಲ್ಲೇ ಓಲ್ಡ್ ವೆಸ್ಟ್‌ಬರಿಯ ಸರ್ಕಾರಿ ಕಾಲೇಜು, ಆಗ್ನೇಯಕ್ಕೆ ಫಾರ್ಮಿಂಗ್‌ಡೇಲ್, ಪೂರ್ವಕ್ಕೆ ಸಫೋಕ್ ಕೌಂಟಿಯಲ್ಲಿ ಸ್ಟೋನಿ ಬ್ರೂಕ್. ಇವೆಲ್ಲದರ ಮೇಲೊಂದು ಹಿರಿಯ ಸಂಸ್ಥೆ ಇದೆ. 1784ರಲ್ಲಿ ಸ್ಥಾಪನೆಯಾದ ಬೋರ್ಡ್ ಆಫ್ ರೀಜೆಂಟ್ಸ್ ರಾಜ್ಯದ ಎಲ್ಲ ಶಿಕ್ಷಣ ಸಂಸ್ಥೆಗಳ ಮೇಲುಸ್ತುವಾರಿ ನೋಡುತ್ತದೆ. ಹೆಸರಿಗೆ ಅದೂ ‘ನ್ಯೂಯಾರ್ಕ್ ರಾಜ್ಯದ ವಿಶ್ವವಿದ್ಯಾಲಯ’ವೇ, ಆದರೆ ಅದರಲ್ಲಿ ತರಗತಿಗಳಿಲ್ಲ. ಕಾಲೇಜಿಗೆ ಸನ್ನದು ಕೊಡುವುದು, ಪದವಿ ಕೋರ್ಸುಗಳನ್ನು ನೋಂದಾಯಿಸುವುದು ಅದರ ಕೆಲಸ. ಹೈಸ್ಕೂಲು ಮಕ್ಕಳಿಗೆ ಹತ್ತೊಂಬತ್ತನೆಯ ಶತಮಾನದಿಂದಲೂ ರಾಜ್ಯಮಟ್ಟದ ರೀಜೆಂಟ್ಸ್ ಪರೀಕ್ಷೆ ನಡೆಸುತ್ತ ಬಂದಿರುವ ಈ ಮಂಡಳಿ, ಕಾಲೇಜಿನ ಬಾಗಿಲಿಗೆ ಬರುತ್ತಿದ್ದಂತೆ ಪರೀಕ್ಷೆಯಿಂದ ಕೈ ತೆಗೆಯುತ್ತದೆ. ಹೈಸ್ಕೂಲು ಮುಗಿಸಲು ಆ ಪರೀಕ್ಷೆ ಕಡ್ಡಾಯ ಎಂಬುದನ್ನೂ ಕೈಬಿಡುವ ತೀರ್ಮಾನ ಈಗ ಆಗಿದೆ. ಸನ್ನದು ಸಿಕ್ಕ ಮೇಲೆ ಪಠ್ಯ, ಪ್ರಶ್ನೆ, ಅಂಕ ಎಲ್ಲವೂ ಕಾಲೇಜಿನ ಅಧ್ಯಾಪಕರವು. ಮೇಲುಸ್ತುವಾರಿಯೇ ಬೇರೆ, ಪರೀಕ್ಷೆ ನಡೆಸುವುದೇ ಬೇರೆ ಎಂಬ ಈ ವಿಂಗಡಣೆಯನ್ನು ನಮ್ಮ ವ್ಯವಸ್ಥೆ ಮಾಡಿಕೊಂಡಿಲ್ಲ.

ನ್ಯೂಯಾರ್ಕ್ ರಾಜ್ಯದ ಸಾರ್ವಜನಿಕ ವ್ಯವಸ್ಥೆಯೂ ಬಹಳ ಹಳೆಯದೇನಲ್ಲ. ಆಗಿದ್ದ ನಲವತ್ತೆಂಟು ರಾಜ್ಯಗಳ ಪೈಕಿ ಸ್ವಂತ ವಿಶ್ವವಿದ್ಯಾಲಯ ಕಟ್ಟಿಕೊಂಡ ಕಡೆಯ ರಾಜ್ಯ ನ್ಯೂಯಾರ್ಕ್. ಎರಡನೆಯ ಮಹಾಯುದ್ಧದಿಂದ ಮರಳಿದ ಸೈನಿಕರು ಕಾಲೇಜು ಸೇರಲು ಮುಗಿಬಿದ್ದಾಗ, ಖಾಸಗಿ ಕಾಲೇಜುಗಳು ಯಹೂದಿಗಳನ್ನೂ ಕಪ್ಪು ಜನರನ್ನೂ ದೂರ ಇಡುತ್ತಿದ್ದ ಪಕ್ಷಪಾತ ಬೀದಿಗೆ ಬಂತು. ಗವರ್ನರ್ ಥಾಮಸ್ ಡ್ಯೂಯಿ ಕಾಲದಲ್ಲಿ ಓವೆನ್ ಯಂಗ್ ನೇತೃತ್ವದ ಆಯೋಗದ ಶಿಫಾರಸಿನಂತೆ 1948ರಲ್ಲಿ ಹುಟ್ಟಿದ್ದು ಸ್ಟೇಟ್ ಯೂನಿವರ್ಸಿಟಿ ಆಫ್ ನ್ಯೂಯಾರ್ಕ್; ಜನ ಕರೆಯುವುದು ‘ಸೂನಿ’ ಎಂದು. ಇಂದು ಅದಕ್ಕೆ 64 ಕ್ಯಾಂಪಸ್‌ಗಳಿವೆ. ಸಂಖ್ಯೆ ನೋಡಿದರೆ ನಮ್ಮ ಒಂದು ವಿಶ್ವವಿದ್ಯಾಲಯ ಮತ್ತು ಅದರ ಸಂಯೋಜಿತ ಕಾಲೇಜುಗಳ ಹಾಗೇ ಕಾಣುತ್ತದೆ. ಆದರೆ ಆಲ್ಬನಿಯ ಕೇಂದ್ರ ಕಚೇರಿ ಒಂದೇ ಒಂದು ಉತ್ತರ ಪತ್ರಿಕೆಯನ್ನೂ ತಿದ್ದಿಸುವುದಿಲ್ಲ. ಬಜೆಟ್ಟು, ಶುಲ್ಕದ ಮಿತಿ, ಹೊಸ ಕೋರ್ಸಿನ ಒಪ್ಪಿಗೆ, ಕ್ಯಾಂಪಸ್‌ಗಳ ನಡುವಿನ ವರ್ಗಾವಣೆಯ ನಿಯಮ ಇಂಥವು ಅದರ ಹೊಣೆ. ಇದರ ಫಲಕ್ಕೆ ಜೆರಿಕೋದಿಂದ ದೂರ ಹೋಗಬೇಕಿಲ್ಲ. 1957ರಲ್ಲಿ ಆಯ್‌ಸ್ಟರ್ ಬೇಯ ಪ್ಲಾಂಟಿಂಗ್ ಫೀಲ್ಡ್ಸ್ ಎಂಬ ಹಳೆಯ ಎಸ್ಟೇಟಿನಲ್ಲಿ, ಹೈಸ್ಕೂಲಿಗೆ ವಿಜ್ಞಾನ ಮತ್ತು ಗಣಿತ ಶಿಕ್ಷಕರನ್ನು ತಯಾರಿಸಲು ಒಂದು ಸರ್ಕಾರಿ ಕಾಲೇಜು ಶುರುವಾಯಿತು. 1962ರಲ್ಲಿ ಅದು ಸ್ಟೋನಿ ಬ್ರೂಕ್‌ಗೆ ಹೋಯಿತು. 1966ಕ್ಕೆ ನೊಬೆಲ್ ಪುರಸ್ಕೃತ ಸಿ.ಎನ್. ಯಾಂಗ್ ಅಲ್ಲಿಗೆ ಬಂದರು, 1968ರಲ್ಲಿ ಜೇಮ್ಸ್ ಸೈಮನ್ಸ್ ಗಣಿತ ವಿಭಾಗದ ಮುಖ್ಯಸ್ಥರಾದರು. ಸೈಮನ್ಸ್ ಅವರು ಯಾಂಗ್ ಮತ್ತವರ ಸಂಗಡಿಗ ಭೌತವಿಜ್ಞಾನಿಗಳಿಗೆ ಮಧ್ಯಾಹ್ನದ ಹೊತ್ತು ರೇಖಾಗಣಿತದ ಪಾಠ ಹೇಳಿದ್ದು, ಅದರಿಂದ ಕಣಭೌತಶಾಸ್ತ್ರದ ಸಿದ್ಧಾಂತಕ್ಕೂ ಶುದ್ಧ ಗಣಿತಕ್ಕೂ ಇದ್ದ ನಂಟು ಬೆಳಕಿಗೆ ಬಂದದ್ದು ಆ ಶಾಸ್ತ್ರದ ಇತಿಹಾಸದಲ್ಲಿ ದಾಖಲಾಗಿದೆ. ಶಿಕ್ಷಕರ ತರಬೇತಿ ಕಾಲೇಜೊಂದು ಹುಟ್ಟಿ ಇಪ್ಪತ್ತು ವರ್ಷವಾಗುವ ಮೊದಲೇ ಅಲ್ಲಿಗೆ ಮುಟ್ಟಿತು. ದುಡ್ಡು ಬಂತು ನಿಜ, ಬಾಹ್ಯಾಕಾಶ ಪೈಪೋಟಿಯ ಕಾಲವೂ ಹೌದು. ಆದರೆ ಪ್ರತಿಯೊಂದು ಪತ್ರಿಕೆಗೂ ದೂರದ ಅಧ್ಯಯನ ಮಂಡಳಿಯ ಒಪ್ಪಿಗೆಗೆ ಕಾಯಬೇಕಾಗಿದ್ದರೆ ಆ ದುಡ್ಡು ಕಟ್ಟಡಗಳನ್ನಷ್ಟೇ ಕಟ್ಟುತ್ತಿತ್ತು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ, ಗಟ್ಟಿಯಾದದ್ದೇ. ನಮ್ಮ ಕಾಲೇಜುಗಳಲ್ಲಿ ಅಂಕವನ್ನು ಪಾಠ ಮಾಡಿದವರ ಕೈಗೇ ಕೊಟ್ಟರೆ ಜಾತಿ, ವಶೀಲಿ, ಆಡಳಿತ ಮಂಡಳಿಯ ಒತ್ತಡ ಎಲ್ಲವೂ ಅಂಕಪಟ್ಟಿಯೊಳಕ್ಕೆ ನುಸುಳುತ್ತವೆ. ಹೆಸರು ಮರೆಸಿದ ಉತ್ತರ ಪತ್ರಿಕೆಯೇ ಬಡ, ದಲಿತ ವಿದ್ಯಾರ್ಥಿಗೆ ಇರುವ ರಕ್ಷಣೆ ಎಂದು ಹೇಳುವವರ ಅನುಭವವನ್ನು ತಳ್ಳಿಹಾಕುವಂತಿಲ್ಲ. ಆಂತರಿಕ ಅಂಕಗಳನ್ನು ಇಂದು ಹಲವು ಕಡೆ ಕಣ್ಣುಮುಚ್ಚಿ ಹಂಚುವುದೂ ನಿಜ. ಆದರೆ ಇದಕ್ಕೆ ಮದ್ದು ಅಧ್ಯಾಪಕರಿಂದ ಪರೀಕ್ಷೆ ಕಸಿಯುವುದಲ್ಲ, ಕಾಲೇಜಿನ ಒಟ್ಟು ನಡವಳಿಕೆಯನ್ನು ಹೊರಗಿನವರು ಕಟ್ಟುನಿಟ್ಟಾಗಿ ಪರಿಶೀಲಿಸುವುದು. ನಾಸೌ ಕಮ್ಯುನಿಟಿ ಕಾಲೇಜನ್ನು 2016ರಲ್ಲಿ ಕಾಲೇಜುಗಳಿಗೆ ಮಾನ್ಯತೆ ಕೊಡುವ ಮಿಡಲ್ ಸ್ಟೇಟ್ಸ್ ಆಯೋಗ ಪ್ರೊಬೇಷನ್ನಿನಲ್ಲಿ ಇರಿಸಿತು. ಮಾನ್ಯತೆ ಹೋದರೆ ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರದ ನೆರವೇ ನಿಲ್ಲುತ್ತದೆ. ಕಾಲೇಜು ತನ್ನ ಆಡಳಿತ, ಮೌಲ್ಯಮಾಪನದ ಕ್ರಮಗಳನ್ನು ತಿದ್ದಿಕೊಂಡ ಮೇಲಷ್ಟೇ ಆ ಕಳಂಕ ತೊಲಗಿತು. ಆಯೋಗ ಒಬ್ಬ ವಿದ್ಯಾರ್ಥಿಯ ಅಂಕವನ್ನೂ ಮುಟ್ಟದೆ, ಅಂಕ ಕೊಡುವ ಸಂಸ್ಥೆಯನ್ನು ಹೊಣೆ ಮಾಡಿತು. ನಮ್ಮಲ್ಲೂ ಉದಾಹರಣೆ ಇದೆ. ಬೆಂಗಳೂರಿನ ಆರ್.ವಿ., ಬಿ.ಎಂ.ಎಸ್., ಎಂ.ಎಸ್. ರಾಮಯ್ಯ ಎಂಜಿನಿಯರಿಂಗ್ ಕಾಲೇಜುಗಳು 2007–08ರ ಹೊತ್ತಿಗೆ ಸ್ವಾಯತ್ತವಾಗಿ, ಪಠ್ಯವನ್ನೂ ಪರೀಕ್ಷೆಯನ್ನೂ ತಾವೇ ನೋಡಿಕೊಳ್ಳುತ್ತಿವೆ. ಅಲ್ಲಿಯ ಪದವಿಗೆ ಬೆಲೆ ಇಳಿದಿಲ್ಲ, ಸೀಟಿಗೆ ಬೇಡಿಕೆಯೂ ತಗ್ಗಿಲ್ಲ. ದಲಿತ ವಿದ್ಯಾರ್ಥಿಯ ರಕ್ಷಣೆಯ ಮಾತಿಗೆ ಬಂದರೆ, ಕೊನೆಯ ಪರೀಕ್ಷೆಯಲ್ಲಿ ಹೆಸರು ಮರೆಸುವುದನ್ನು ಸ್ವಾಯತ್ತ ಕಾಲೇಜಿನಲ್ಲೂ ಉಳಿಸಿಕೊಳ್ಳಬಹುದು, ಎರಡನೆಯ ಮೌಲ್ಯಮಾಪಕರನ್ನು ಹೊರಗಿನಿಂದ ಕರೆಸಬಹುದು. ಮೇಲ್ಮನವಿಗೆ ಕೂಗಳತೆಯಲ್ಲಿರುವ ಕಾಲೇಜು ಸಿಗುವುದು, ನೂರು ಕಿಲೋಮೀಟರ್ ದೂರದ ಕುಲಸಚಿವರ ಕಚೇರಿಗೆ ಮರುಮೌಲ್ಯಮಾಪನದ ಶುಲ್ಕ ಕಟ್ಟಿ ಅಲೆಯುವುದಕ್ಕಿಂತ ಬಡವನಿಗೆ ಹೆಚ್ಚು ಅನುಕೂಲ.

ಎರಡನೆಯ ಆಕ್ಷೇಪ ಸಮಾನತೆಯದು. ಯಾದಗಿರಿಯಲ್ಲಿ ಓದಿದರೂ ರಾಯಚೂರಿನಲ್ಲಿ ಓದಿದರೂ ಒಂದೇ ವಿಶ್ವವಿದ್ಯಾಲಯದ ಒಂದೇ ಪದವಿ. ಕಾಲೇಜಿಗೊಂದು ಪದವಿಯಾದರೆ ಹಳ್ಳಿಯ ಕಾಲೇಜಿನ ಪದವಿಯನ್ನು ಯಾರು ಕೇಳುತ್ತಾರೆ? ಕೆಲಸ ಕೊಡುವವರು ಇಂದೇ ಕಾಲೇಜಿನ ಹೆಸರು ನೋಡಿ ಕರೆಯುತ್ತಿದ್ದಾರೆ ಎಂಬುದು ಇದಕ್ಕೆ ಅರ್ಧ ಉತ್ತರ. ಪೂರ್ಣ ಉತ್ತರಕ್ಕೆ ಸಮಾನತೆಯನ್ನು ಮುದ್ರೆಯಲ್ಲಿ ಹುಡುಕದೆ, ಒಂದು ಕಾಲೇಜಿನಲ್ಲಿ ಕಲಿತದ್ದು ಇನ್ನೊಂದರಲ್ಲಿ ನಡೆಯುತ್ತದೆಯೇ ಎಂಬಲ್ಲಿ ಹುಡುಕಬೇಕು. ಸೂನಿಯ ಟ್ರಸ್ಟಿಗಳು 2012ರಲ್ಲಿ ವರ್ಗಾವಣೆಯ ನಿಯಮವನ್ನು ಬಿಗಿಗೊಳಿಸಿದರು: ಎಲ್ಲ ಕ್ಯಾಂಪಸ್‌ಗಳಿಗೂ ಹೊಂದುವ 30 ಕ್ರೆಡಿಟ್‌ನ ಸಾಮಾನ್ಯ ಶಿಕ್ಷಣ, ಅದರ ಮೇಲೆ ಆಯಾ ವಿಷಯದ ಮೊದಲ ಹಂತದ ಪತ್ರಿಕೆಗಳು, ಇಷ್ಟನ್ನು ಒಂದು ಕಡೆ ಮುಗಿಸಿದರೆ ಇನ್ನೊಂದು ಕಡೆ ಮತ್ತೆ ಓದಿಸುವಂತಿಲ್ಲ. ನ್ಯೂಯಾರ್ಕ್ ನಗರದ ಕಾಲೇಜುಗಳ ಒಕ್ಕೂಟ ‘ಕ್ಯೂನಿ’ 2013ರಲ್ಲಿ ಪಾಥ್‌ವೇಸ್ ಎಂಬ ಇಂಥದೇ ಏರ್ಪಾಡು ತಂದಾಗ ಅಧ್ಯಾಪಕರು ಸಿಡಿದೆದ್ದರು, ನ್ಯಾಯಾಲಯಕ್ಕೂ ಹೋದರು. ಅವರ ಸಂಘ ನಡೆಸಿದ ಮತದಾನದಲ್ಲಿ ಶೇ 92 ಮಂದಿ ಅವಿಶ್ವಾಸ ಸೂಚಿಸಿದರು. ಪಠ್ಯ ನಿರ್ಧರಿಸುವುದು ನಮ್ಮ ಹಕ್ಕು, ಅದನ್ನು ಮೇಲಿನಿಂದ ಹೇರಬೇಡಿ ಎಂಬುದು ಅವರ ವಾದವಾಗಿತ್ತು. ಅಧ್ಯಾಪಕರ ಹಕ್ಕಿನ ಪರವಾಗಿಯೇ ಇಷ್ಟೂ ಹೊತ್ತು ವಾದಿಸಿದ ಈ ಲೇಖನ ಈ ಒಂದು ವಿಷಯದಲ್ಲಿ ಅವರ ಜೊತೆ ನಿಲ್ಲಲಾರದು. ಕಮ್ಯುನಿಟಿ ಕಾಲೇಜಿನಲ್ಲಿ ಪಡೆದ ಕ್ರೆಡಿಟ್ಟುಗಳನ್ನು ಕಳೆದುಕೊಂಡು ಮತ್ತೆ ದುಡ್ಡು ಕೊಟ್ಟು ಅದೇ ಪಾಠ ಕೇಳುವವನು ಯಾವಾಗಲೂ ಬಡವನೇ. ಪ್ರತಿ ಕಾಲೇಜಿನ ಸ್ವಾತಂತ್ರ್ಯಕ್ಕೂ ಒಂದು ಸಣ್ಣ ಸಾಮಾನ್ಯ ತಳಪಾಯ ಇರಲೇಬೇಕು.

ಈ ತಳಪಾಯವಿಲ್ಲದೆ ಮೆಟ್ಟಿಲು ಕಟ್ಟಿದರೆ ಏನಾಗುತ್ತದೆಂಬುದಕ್ಕೆ ಅಮೆರಿಕವೇ ಸಾಕ್ಷಿ. ಇಡೀ ದೇಶದಲ್ಲಿ ಕಮ್ಯುನಿಟಿ ಕಾಲೇಜು ಸೇರುವವರಲ್ಲಿ ಸುಮಾರು ಶೇ 80 ಮಂದಿಗೆ ನಾಲ್ಕು ವರ್ಷದ ಪದವಿಯ ಆಸೆ ಇರುತ್ತದೆ. ನಾಲ್ಕು ವರ್ಷದ ಕಾಲೇಜಿಗೆ ದಾಟುವವರು ಮೂರನೇ ಒಂದು ಪಾಲಿನಷ್ಟು, ಆರು ವರ್ಷದೊಳಗೆ ಪದವಿ ಮುಟ್ಟುವವರು ಶೇ 16ರ ಆಸುಪಾಸು. ನಮ್ಮ ರಾಷ್ಟ್ರೀಯ ನೀತಿಯ ಬಹು ನಿರ್ಗಮನದ ಮೇಲಿನ ನನ್ನ ಅನುಮಾನ ಹುಟ್ಟುವುದು ಈ ಅಂಕಿಗಳಿಂದ. ಒಂದು ವರ್ಷ ಓದಿ ಹೊರಗೆ ಹೋದ ಹೆಣ್ಣುಮಗಳ ಕೈಗೆ ಸರ್ಟಿಫಿಕೇಟ್ ಕೊಟ್ಟು, ಬೇಕಾದಾಗ ಬಂದು ಮುಂದುವರಿಸು ಎನ್ನುವುದು ಸುಲಭ. ಆಕೆ ಮದುವೆಯಾಗಿ ಇನ್ನೊಂದು ಜಿಲ್ಲೆಗೆ ಹೋದರೆ ಅಲ್ಲಿನ ವಿಶ್ವವಿದ್ಯಾಲಯದ ಪಠ್ಯವೇ ಬೇರೆ. ಅಲ್ಲಿನ ಕಾಲೇಜಿಗೆ ಆಕೆಯ ಕ್ರೆಡಿಟ್ಟನ್ನು ತಾನಾಗಿ ಒಪ್ಪಿಕೊಳ್ಳುವ ಅಧಿಕಾರವೇ ಇಲ್ಲ. 2021ರಲ್ಲಿ ಶುರುವಾದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನಲ್ಲಿ ಖಾತೆ ಇದ್ದರೂ ನಗದಾಗಿಸಿಕೊಳ್ಳುವ ಕಡೆ ಇಲ್ಲದಂತಾಗುತ್ತದೆ. ಥೋರಟ್ ಆಯೋಗದ ಮಧ್ಯಂತರ ವರದಿಯ ಮೇಲೆ ಸರ್ಕಾರ ಬಹು ನಿರ್ಗಮನವನ್ನು ಕೈಬಿಟ್ಟದ್ದು ಆ ಮಟ್ಟಿಗೆ ಸರಿ. ತಪ್ಪಾದದ್ದು, ಅದೇ ರಾಷ್ಟ್ರೀಯ ನೀತಿಯಲ್ಲಿದ್ದ ಅತಿ ಮುಖ್ಯ ಮಾತನ್ನೂ ಅದರ ಜೊತೆ ಮರೆತದ್ದು. ಹದಿನೈದು ವರ್ಷದಲ್ಲಿ, ಅಂದರೆ 2035ರ ಹೊತ್ತಿಗೆ, ಸಂಯೋಜನೆಯನ್ನು ಹಂತಹಂತವಾಗಿ ಮುಗಿಸಿ ಕಾಲೇಜುಗಳು ತಾವೇ ಪದವಿ ಕೊಡುವಂತಾಗಬೇಕು, ಇಲ್ಲವೇ ವಿಶ್ವವಿದ್ಯಾಲಯದ ಘಟಕಗಳಾಗಬೇಕು ಎಂದು ಆ ನೀತಿ ಹೇಳಿತ್ತು. ಕಸ್ತೂರಿರಂಗನ್ ಸಮಿತಿ ಬರೆದ ಆ ನೀತಿಯ ಕರಡಿನಲ್ಲೂ ಅದು ಇತ್ತು. ನೀತಿಯನ್ನು ತಂದವರೂ ತೆಗೆದವರೂ ಆ ಭಾಗದ ಮೇಲೆ ಗಟ್ಟಿಯಾಗಿ ಮಾತನಾಡಲಿಲ್ಲ.

ಮೂರನೆಯ ಆಕ್ಷೇಪಕ್ಕೆ ಉತ್ತರಿಸದೆ ಈ ವಾದ ನಿಲ್ಲುವುದಿಲ್ಲ. ನಾಲ್ಕುನೂರಕ್ಕೂ ಹೆಚ್ಚಿರುವ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ನಡೆಯುತ್ತಿರುವುದೇ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರಿಂದ. ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ತಿಳಿಯದ ಅಧ್ಯಾಪಕರಿಗೆ ಪಠ್ಯ ಬರೆಯಿರಿ, ಪರೀಕ್ಷೆ ಮಾಡಿ ಎನ್ನುವುದು ಹೊರೆಯಲ್ಲವೇ? ಸ್ವಾಯತ್ತತೆ ಎಂಬ ಹೆಸರಿನಲ್ಲಿ ಸರ್ಕಾರ ಈ ಕಾಲೇಜುಗಳ ಕೈ ಬಿಟ್ಟರೆ? ಈ ಭಯಕ್ಕೆ ಆಧಾರವಿದೆ. ಕರ್ನಾಟಕದಲ್ಲಿ ಸ್ವಾಯತ್ತತೆ ಇದುವರೆಗೆ ಹೆಚ್ಚಾಗಿ ಬೆಂಗಳೂರಿನ, ಶುಲ್ಕ ಎತ್ತಬಲ್ಲ ಖಾಸಗಿ ಕಾಲೇಜುಗಳಿಗೆ ಸಿಕ್ಕಿದೆ. ಆದ್ದರಿಂದ ಗ್ರಾಮೀಣ ಸರ್ಕಾರಿ ಕಾಲೇಜಿಗೆ ಒಂಟಿ ಸ್ವಾಯತ್ತತೆ ಬೇಡ. ಒಂದು ಜಿಲ್ಲೆಯ ಸರ್ಕಾರಿ ಕಾಲೇಜುಗಳೆಲ್ಲ ಸೇರಿ ಒಂದೇ ವಿಶ್ವವಿದ್ಯಾಲಯದ ಘಟಕಗಳಾಗಲಿ, 1916ರ ಮೈಸೂರಿನ ಹಾಗೆ. ಹೊಳೆನರಸೀಪುರದಲ್ಲಿ ಸಂಖ್ಯಾಶಾಸ್ತ್ರದ ಅಧ್ಯಾಪಕರಿಲ್ಲದಿದ್ದರೆ ಹಾಸನದಿಂದ ಬಂದು ಪಾಠ ಮಾಡಲಿ, ಅರಸೀಕೆರೆಯ ಅಧ್ಯಾಪಕರು ಜಿಲ್ಲೆಯ ಅಧ್ಯಯನ ಮಂಡಳಿಯಲ್ಲಿ ಕೂತು ಪಠ್ಯ ಬರೆಯಲಿ. ಈ ಕೆಲಸಕ್ಕೆ ಬೇಕಾದ ಹಂದರ ಕೈಯಲ್ಲೇ ಇತ್ತು. ಹಿಂದಿನ ಸರ್ಕಾರ ಹಾಸನ, ಚಾಮರಾಜನಗರ, ಕೊಡಗು, ಹಾವೇರಿ, ಕೊಪ್ಪಳ, ಬಾಗಲಕೋಟೆ ಮುಂತಾದ ಕಡೆ ಜಿಲ್ಲಾ ವಿಶ್ವವಿದ್ಯಾಲಯಗಳನ್ನು ಘೋಷಿಸಿತು. ಹೇಮಗಂಗೋತ್ರಿ, ಚಿಕ್ಕ ಅಳುವಾರ, ಕೆರಿಮತ್ತಿಹಳ್ಳಿ, ಜಮಖಂಡಿ ಎಂದು ಹಳೆಯ ಸ್ನಾತಕೋತ್ತರ ಕೇಂದ್ರಗಳಿಗೇ ಫಲಕ ಬದಲಿಸಿ, ಸಾಕಷ್ಟು ಹುದ್ದೆ, ಹಣ ಕೊಡದೆ, ಸುತ್ತಲಿನ ಕಾಲೇಜುಗಳ ಸಂಯೋಜನೆಯನ್ನು ವರ್ಗಾಯಿಸಿ ಕೈತೊಳೆದುಕೊಂಡಿತು. 2025ರ ಫೆಬ್ರುವರಿಯಲ್ಲಿ ಈಗಿನ ಸರ್ಕಾರದ ಸಂಪುಟ ಉಪಸಮಿತಿ ಇವೂ ಸೇರಿದಂತೆ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚಲು ಶಿಫಾರಸು ಮಾಡಿತು. ಒಬ್ಬರು ಸಣ್ಣ ಪರೀಕ್ಷಾ ಮಂಡಳಿಗಳನ್ನು ಹುಟ್ಟಿಸಿದರು, ಇನ್ನೊಬ್ಬರು ಅವನ್ನು ದೊಡ್ಡ ಪರೀಕ್ಷಾ ಮಂಡಳಿಗಳಿಗೆ ಮರಳಿಸಲು ಹೊರಟರು. ಸಂಯೋಜನಾ ಶುಲ್ಕದಿಂದ ಬದುಕಬೇಕಾದ ಸಂಸ್ಥೆಗೆ ಇಪ್ಪತ್ತು, ಮೂವತ್ತು ಕಾಲೇಜು ಸಾಲುವುದಿಲ್ಲ ಎಂಬುದು ನಿಜ. ಪಾಠ ಮಾಡುವ ವಿಶ್ವವಿದ್ಯಾಲಯಕ್ಕೆ ಅಷ್ಟು ಕಾಲೇಜು ಧಾರಾಳವಾಯಿತು.

ಹಣದ ಮಾತನ್ನು ಮುಚ್ಚಿಡಬಾರದು. 1948ರ ಕಾನೂನು ನ್ಯೂಯಾರ್ಕಿನ ಕಮ್ಯುನಿಟಿ ಕಾಲೇಜುಗಳ ಖರ್ಚನ್ನು ಮೂರು ಪಾಲು ಮಾಡಿತು: ಒಂದು ರಾಜ್ಯದ್ದು, ಒಂದು ಕೌಂಟಿಯದು, ಒಂದು ವಿದ್ಯಾರ್ಥಿಯದು. ಜೆರಿಕೋದ ಮನೆಗಳ ತೆರಿಗೆಯಿಂದಲೂ ನಾಸೌ ಕಾಲೇಜಿಗೆ ಪಾಲು ಹೋಗುತ್ತದೆ. ಕೌಂಟಿಯ ಜನರಿಗೆ ಅದು ‘ನಮ್ಮ ಕಾಲೇಜು’. ಆದರೆ ಸರ್ಕಾರದ ಪಾಲು ಕುಗ್ಗಿದಂತೆ ವಿದ್ಯಾರ್ಥಿಯ ಪಾಲು ಬೆಳೆದಿದೆ. 1847ರಲ್ಲಿ ಫ್ರೀ ಅಕಾಡೆಮಿ ಎಂಬ ಹೆಸರಿನಿಂದ ಶುರುವಾಗಿ ಬಿಟ್ಟಿಯಾಗಿ ಕಲಿಸುತ್ತ ಬಂದ ಕ್ಯೂನಿ, ನಗರ ದಿವಾಳಿಯ ಅಂಚಿಗೆ ಬಂದ 1976ರಲ್ಲಿ ಶುಲ್ಕ ವಿಧಿಸಿತು. 1970ರಲ್ಲಿ ಎಲ್ಲರಿಗೂ ಪ್ರವೇಶ ತೆರೆದು, ಕಪ್ಪು ಮತ್ತು ಪೋರ್ಟೊರಿಕೊ ಮೂಲದ ಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಒಳಗೆ ಬಂದ ಆರೇ ವರ್ಷದಲ್ಲಿ ಹೀಗಾದದ್ದು ನೋವಿನ ಸಂಗತಿ. ನಮ್ಮ ಅತಿಥಿ ಉಪನ್ಯಾಸಕರಂಥದೇ ಸ್ಥಿತಿ ಅಲ್ಲಿನ ಅರೆಕಾಲಿಕ ಅಧ್ಯಾಪಕರದು. ಅವರು ಒಂದೇ ವಾರದಲ್ಲಿ ಎರಡು, ಮೂರು ಕ್ಯಾಂಪಸ್‌ಗೆ ಓಡಾಡುತ್ತಾರೆ. ಹಾಗಾಗಿ ನ್ಯೂಯಾರ್ಕಿನ ಶುಲ್ಕವನ್ನೂ ಸಾಲವನ್ನೂ ಆಮದು ಮಾಡಿಕೊಳ್ಳಿ ಎಂದು ಯಾರೂ ಹೇಳಬಾರದು. ಆದರೆ ಅರೆಕಾಲಿಕ ಅಧ್ಯಾಪಕನೂ ಅಲ್ಲಿ ತನ್ನ ತರಗತಿಯ ಪಠ್ಯವನ್ನು ತಾನೇ ಬರೆಯುತ್ತಾನೆ, ಅಂಕವನ್ನು ತಾನೇ ಕೊಡುತ್ತಾನೆ ಎಂಬುದನ್ನು ಗಮನಿಸಬೇಕು. ಖಾಯಮಾತಿಗಾಗಿ ಹೋರಾಡುವ ನಮ್ಮ ಉಪನ್ಯಾಸಕರಿಗೆ ಸಂಬಳವೂ ಬೇಕು, ಈ ಅಧಿಕಾರವೂ ಬೇಕು. ಒಂದಕ್ಕಾಗಿ ಇನ್ನೊಂದನ್ನು ಕಾಯಿಸುವುದಕ್ಕೆ ಕಾರಣವಿಲ್ಲ.

ಇನ್ನು ನಾಲ್ಕು ವರ್ಷದ ಪ್ರಶ್ನೆ. ಹೊರದೇಶದಲ್ಲಿ ಎಂ.ಎಸ್. ಓದಬಯಸುವವರಿಗೆ ಮೂರು ವರ್ಷದ ಪದವಿಯಿಂದ ತೊಡಕಾಗುತ್ತದೆ ಎಂಬುದು ನಾಲ್ಕು ವರ್ಷದ ಪರ ವಾದಿಗಳು ಮುಂದಿಡುವ ಮಾತು, ಅದರಲ್ಲಿ ಹುರುಳಿದೆ. ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳು ಮೂರು ವರ್ಷದ ಪದವಿಯನ್ನು ಒಪ್ಪುತ್ತವೆ, ಹಲವು ಒಪ್ಪುವುದಿಲ್ಲ. ಆದರೆ ಕರ್ನಾಟಕದ ಬಿ.ಎ., ಬಿ.ಕಾಂ. ತರಗತಿಗಳಿಂದ ವಿಮಾನ ಹತ್ತುವವರು ಬೆರಳೆಣಿಕೆಯಷ್ಟು ಮಂದಿ. ಅವರಿಗಾಗಿ ಉಳಿದವರನ್ನೆಲ್ಲ ಒಂದು ವರ್ಷ ಹೆಚ್ಚು ಕೂರಿಸುವುದು ಸರಿಯಲ್ಲ. ಕಾಲೇಜುಗಳು ಪದವಿ ಕೊಡುವ ಅಧಿಕಾರ ಪಡೆದರೆ ನಾಲ್ಕನೆಯ ವರ್ಷ ಬೇಕಾದ ಕಡೆ ಇರುತ್ತದೆ, ಬೇಡದ ಕಡೆ ಇರುವುದಿಲ್ಲ. ಬೆಂಗಳೂರಿನಲ್ಲಿ ಕೂತು 4,430 ಕಾಲೇಜುಗಳಿಗೂ ಒಂದೇ ಉತ್ತರ ಹುಡುಕುವ ಅಗತ್ಯವೇ ಬೀಳುವುದಿಲ್ಲ. ಇದಕ್ಕೆ ಹೊಸ ಆಯೋಗ ಬೇಕಿಲ್ಲ, 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆಗೆ ತಿದ್ದುಪಡಿ ಸಾಕು. ವಿಶ್ವವಿದ್ಯಾಲಯ ಮುಚ್ಚಲು ಶಿಫಾರಸಾಗಿರುವ ಜಿಲ್ಲೆಗಳಲ್ಲಿ ಒಂದನ್ನು, ಹಾಸನವನ್ನೋ ಹಾವೇರಿಯನ್ನೋ, ಆರಿಸಿಕೊಳ್ಳಲಿ. ಅಲ್ಲಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳನ್ನು ಘಟಕಗಳನ್ನಾಗಿ ಮಾಡಿ, ಸಂಯೋಜನಾ ಶುಲ್ಕದ ಬದಲು ಬಜೆಟ್ಟಿನಿಂದ ಅನುದಾನ ಕೊಟ್ಟು, ಒಂದು ಬ್ಯಾಚಿನ ಮೂರು ವರ್ಷದ ಪಠ್ಯವನ್ನೂ ಪರೀಕ್ಷೆಯನ್ನೂ ಅಲ್ಲಿನ ಅಧ್ಯಾಪಕರಿಗೆ ವಹಿಸಲಿ. ಮುಚ್ಚುವ ಕಡತಕ್ಕೆ ಸಹಿ ಬೀಳುವ ಮೊದಲೇ ಆ ತಿದ್ದುಪಡಿ ಸದನದ ಮುಂದೆ ಬರಬೇಕು.